ಗುಲಾಬಿ ಭಾನುವಾರದ ಪ್ರವಚನ

ಅಕ್ಟೋಬರ್ ಬಂತೆಂದರೆ ಮೆಂಫಿಸ್‌ನ ನಮ್ಮ ಕಪ್ಪು ಜನರ ಚರ್ಚಿಗೆ ಹೆಂಗಸರ ಆರೋಗ್ಯದ ಮೇಲೆ ಎಲ್ಲಿಲ್ಲದ ಮಮತೆ ಉಕ್ಕುತ್ತದೆ. ಎದೆಯ ಕ್ಯಾನ್ಸರ್ ಜಾಗೃತಿಯ ಬಣ್ಣವೆಂದು ಪರದೆ ಗುಲಾಬಿ, ಕೇಕು ಗುಲಾಬಿ, ಪಾದ್ರಿ ಕ್ರಂಪ್ಟನ್ನರ ಟೈ ಗುಲಾಬಿ. ಇಷ್ಟು ಬಣ್ಣ ನೋಡಿಯೇ ಕ್ಯಾನ್ಸರ್ ಊರು ಬಿಟ್ಟು ಓಡಬೇಕು.

ಈ ಸಲ ಅಂಗಳಕ್ಕೆ ಎದೆಯ ಗಡ್ಡೆ ಪತ್ತೆಹಚ್ಚುವ ಮ್ಯಾಮೊಗ್ರಾಂ ಎಕ್ಸ್‌ರೇ ತೆಗೆಯುವ ವ್ಯಾನನ್ನೂ ಕರೆಸಿದ್ದರು. ಉಚಿತ, ಮಧ್ಯಾಹ್ನ ಎರಡು ಗಂಟೆಯವರೆಗೆ.

ನನ್ನಮ್ಮ ವರ್ಲೀನ್‌ಗೆ ಅದು ಬೇಕೇಬೇಕಿತ್ತು. ಅವಳ ತಂಗಿ ಆರ್ಜೆಲ್ಲಾ ಎದೆಯ ಗಡ್ಡೆಯಿಂದ ಚಿಕ್ಕ ವಯಸ್ಸಿಗೇ ಹೋದಳು. ಅಮ್ಮ ಡಾಕ್ಟರ ಹತ್ತಿರ ಹೋದಾಗಲೆಲ್ಲ ತಂಗಿಯ ಕಥೆ ಹೇಳುತ್ತಾಳೆ. ಡಾಕ್ಟರ್ ಅಮ್ಮನ ತೂಕದ ಕಥೆ ಹೇಳುತ್ತಾನೆ. ಉಪ್ಪು ಬಿಡು, ಕರಿದದ್ದು ಬಿಡು. ಎದೆಯ ಪರೀಕ್ಷೆಗೆ ಚೀಟಿ ಬರೆಯುವುದನ್ನು ಮಾತ್ರ ಅವನೇ ಬಿಟ್ಟುಬಿಡುತ್ತಾನೆ. ಕಪ್ಪು ಹೆಂಗಸರು ಬಹಳ ಗಟ್ಟಿಯಂತೆ. ಹೌದು, ಗಟ್ಟಿಯಾಗಿಯೇ ಸಾಯುತ್ತಾರೆ.

ಚರ್ಚಿನಲ್ಲಿ ಅಮ್ಮನದು ಬಾಗಿಲು ಕಾಯುವ ಸೇವೆ. ಬಿಳಿ ಉಡುಪು, ಬಿಳಿ ಕೈಗವಸು. ಪ್ರವಚನ ನಡೆಯುವಾಗ ಅವಳು ಅಲುಗುವಂತಿಲ್ಲ. ಉಳಿದವರು ಎದ್ದು ಹೋಗಲೇಬೇಕಾದರೆ ತೋರುಬೆರಳು ಎತ್ತಿ, ಬಗ್ಗಿಕೊಂಡು, ಕ್ಷಮೆ ಬೇಡುವವರಂತೆ ಹೋಗಬೇಕು. ಬೆರಳೆತ್ತದೆ ಹೋದವರ ಹೆಸರು ವಾರವಿಡೀ ಎಲ್ಲರ ಅಡುಗೆಮನೆಯಲ್ಲಿ ಬೇಯುತ್ತದೆ.

ನಾನು ಚರ್ಚಿಗೆ ಕಾಲಿಡುವವನಲ್ಲ. ಟೈರ್ ಅಂಗಡಿಯ ಕೆಲಸ ಮುಗಿಸಿ ಅಮ್ಮನನ್ನು ಮನೆಗೆ ಕರೆದೊಯ್ಯಲು ಬಂದೆ. ಎರಡು ಗಂಟೆಗೆ ಇನ್ನು ಸ್ವಲ್ಪವೇ ಹೊತ್ತಿತ್ತು. ವ್ಯಾನಿನ ನರ್ಸು ಮೆಟ್ಟಿಲ ಮೇಲೆ ಕೂತು ಸೇಬು ತಿನ್ನುತ್ತಿದ್ದಳು. ಎಷ್ಟು ಜನ ಬಂದರೆಂದು ಕೇಳಿದೆ. ಒಬ್ಬರೂ ಇಲ್ಲವಂತೆ. ಎಲ್ಲರೂ ಒಳಗೆ ಪ್ರವಚನ ಕೇಳುತ್ತಿದ್ದರು. ಪ್ರವಚನದ ವಿಷಯ, ತಡಮಾಡದೆ ಪರೀಕ್ಷೆ ಮಾಡಿಸಿಕೊಳ್ಳಿ ಎಂಬುದು. ಪಾದ್ರಿ ಅದನ್ನು ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದರು.

ಬಾಗಿಲಲ್ಲೇ ಅಮ್ಮ ನಿಂತಿದ್ದಳು. ವ್ಯಾನು ಇನ್ನೇನು ಹೊರಡುತ್ತದೆ ಎಂದು ಅವಳ ಕಿವಿಯಲ್ಲಿ ಹೇಳಿದೆ.

"ಪಾದ್ರಿಗಳು ಮುಗಿಸ್ಲಿ, ಹೋಗ್ತೀನಿ."

"ಯೇಸು ವಾಪಸ್ ಬಂದು ಕೂತರೂ ಅವರು ಮುಗಿಸಲ್ಲ ಕಣಮ್ಮ."

"ಬಾಯಿ ಮುಚ್ಚು. ಟೋಪಿ ತೆಗಿ."

ಟೋಪಿ ತೆಗೆದೆ. ಆಮೇಲೆ ಹೇಳಿದ್ದು ಮೆಲ್ಲಗೆ ಬರಲಿಲ್ಲ.

"ಆರ್ಜೆಲ್ಲಾ ಚಿಕ್ಕಮ್ಮನೂ ಹಿಂಗೇ ಅಂದಿದ್ದು. ಈಸ್ಟರ್ ಮುಗೀಲಿ, ತೋರಿಸ್ತೀನಿ ಅಂತ."

ಪ್ರವಚನ ನಿಂತಿತು. ಹೆಂಗಸರ ಭಾನುವಾರದ ಟೋಪಿಗಳೆಲ್ಲ ನಮ್ಮ ಕಡೆ ತಿರುಗಿದವು. ಪಾದ್ರಿ ಹಣೆ ಒರೆಸಿಕೊಂಡು ನಕ್ಕರು.

"ಟವಾರಿಸ್, ದೇವರ ಮನೆ ದಾರಿ ಈಗ ನೆನಪಾಯ್ತೇನಪ್ಪ? ಬಾ, ಕೂತ್ಕೋ."

"ಕೂರಲ್ಲ ಪಾದ್ರಿಗಳೇ. ತಡಮಾಡಬೇಡಿ ಅಂದ್ರಲ್ಲ, ಅದಕ್ಕೇ ಅಮ್ಮನ್ನ ಕರ್ಕೊಂಡು ಹೋಗ್ತಿದ್ದೀನಿ."

ಕೈ ಹಿಡಿಯಲು ಹೋದರೆ ಅಮ್ಮ ಕೊಸರಿಕೊಂಡಳು. ನಾನು ಶಾಲೆ ಬಿಟ್ಟ ದಿನ ನೋಡಿದ್ದಳಲ್ಲ, ಹಾಗೆಯೇ ನನ್ನನ್ನು ನೋಡಿದಳು. ಮುಗಿಯಿತು, ಬರುವುದಿಲ್ಲ ಎಂದುಕೊಂಡೆ. ನಾನೊಬ್ಬನೇ ಹೊರಗೆ ಬಂದೆ.

ತಿರುಗಿ ನೋಡಿದರೆ ಅಮ್ಮ ಕೈಗವಸು ಸರಿಮಾಡಿಕೊಂಡು, ತೋರುಬೆರಳು ಎತ್ತಿ, ಬಗ್ಗಿ, ಮೆಟ್ಟಿಲಿಳಿಯುತ್ತಿದ್ದಳು. ಅವಳ ಹಿಂದೆ ಇನ್ನೊಂದು ಬೆರಳು. ಆಮೇಲೆ ಉಂಗುರದ್ದು, ಗಂಟು ಬಿದ್ದದ್ದು, ಬಣ್ಣ ಹಚ್ಚಿದ್ದು. ಹೊರಬರುವ ಹೆಂಗಸರ ಗುಂಪಿನಲ್ಲಿ ಬಾಗಿಲೇ ಕಾಣಲಿಲ್ಲ. ಒಳಗೆ ಪಾದ್ರಿಗೆ ಗಂಡಸರೂ ಕೇಕೂ ಉಳಿದರು.

ನರ್ಸು ಸೇಬು ಬದಿಗಿಟ್ಟಳು. ಬಂದವರನ್ನು ಬಿಟ್ಟು ಹೊರಡುವುದಿಲ್ಲ ಎಂದಳು. ಕಂಕುಳಿಗೆ, ಎದೆಗೆ ಹಾಕಿದ ಪೌಡರು ಚಿತ್ರದಲ್ಲಿ ಚುಕ್ಕೆಯಾಗಿ ಕಾಣುತ್ತದೆ, ಮೊದಲು ಒರೆಸಿಕೊಳ್ಳಿ ಎಂದಳು. ಭಾನುವಾರ ಪೌಡರು ಹಾಕದೆ ಹೊರಗೆ ಬಂದ ಹೆಂಗಸು ನಮ್ಮಲ್ಲಿ ಇಲ್ಲ. ಒದ್ದೆ ಬಟ್ಟೆ ಕೈಯಿಂದ ಕೈಗೆ ಹೋಯಿತು.

ವ್ಯಾನು ಹತ್ತುವ ಮೊದಲು ಅಮ್ಮ ಕೈಗವಸು ಬಿಚ್ಚಿ ನನ್ನ ಗ್ರೀಸು ಕೈಗೇ ಕೊಟ್ಟಳು.

"ಬೆರಳೂ ಎತ್ತದೆ ಹೊರಗೆ ಬಂದೆಯಲ್ಲೋ," ಎಂದಳು. "ಯಾರು ಬೆಳೆಸಿದ್ದು ಇವನನ್ನ ಅಂತಾರೆ."