ತಪ್ಪು ಹೇಳುವ ತಾತ

ಜೀವಮಾನವೆಲ್ಲ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ನಾನು. ಎಂಥೆಂಥ ನೂಕುನುಗ್ಗಲಿನಲ್ಲೂ ಕಂಬಿ ಹಿಡಿಯದೆ ನಿಂತವನು. ಅಂಥವನನ್ನು ಅಂಗೈಯಗಲದ ಒಂದು ಕುರ್ಚಿಯ ಮೇಲೆ ಕೂರಿಸಿ, "ತಾತ, ಜಾಸ್ತಿ ಅಲ್ಲಾಡಬೇಡಿ, ಅದು ಮಕ್ಕಳ ಕುರ್ಚಿ" ಅಂದಳು ಟೀಚರಮ್ಮ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವಳು. ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಮುದುರಿ ಕೂತೆ. ಪಕ್ಕದಲ್ಲಿ, ನನ್ನ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ನನ್ನ ಮೊಮ್ಮಗಳು.

ಇವಳನ್ನು ನಾನು ಕರೆಯುವುದು ಮೆಣಸಿನಕಾಯಿ ಅಂತ. ಮನೆಯಲ್ಲಿ ಇವಳ ಬಾಯಿಗೆ ಸಿಕ್ಕಿ ಬಚಾವಾದವರಿಲ್ಲ. ಹಾಲು ತರುವವನಿಂದ ಹಿಡಿದು ಹೆತ್ತ ತಾಯಿಯವರೆಗೆ ಎಲ್ಲರಿಗೂ ಬುದ್ಧಿ ಹೇಳುತ್ತಾಳೆ. ಅದೇ ಶಿಶುವಿಹಾರದ ಹೊಸ್ತಿಲು ದಾಟಿದಳೋ, ಬಾಯಿಗೆ ಬೀಗ. ನಾನು ಎದ್ದು ಬಾಗಿಲ ಕಡೆ ಮುಖ ಮಾಡಿದರೆ ಮಾತ್ರ ಆ ಬೀಗ ಒಡೆಯುತ್ತದೆ. ಮೂರು ಬೀದಿಗೆ ಕೇಳುವ ಹಾಗೆ ಅಳುತ್ತಾಳೆ.

ಆದರೆ ಆ ವಾರದೊಳಗೆ ಅವಳು ಒಬ್ಬಳೇ ಕೂರುವುದನ್ನು ಕಲಿಯಲೇಬೇಕಿತ್ತು. ಅದಕ್ಕೆ ಕಾರಣ ನನ್ನ ಕಣ್ಣು. ಎರಡಕ್ಕೂ ಪೊರೆ ಬಂದಿದೆ, ಬರುವ ಸೋಮವಾರ ಬಲಗಣ್ಣಿಗೆ ಆಪರೇಷನ್. ಆಮೇಲೆ ಕೆಲವು ದಿನ ಬಗ್ಗುವ ಹಾಗಿಲ್ಲ, ಮಗುವನ್ನು ಎತ್ತುವ ಹಾಗಿಲ್ಲ. ಮಗಳು ಆಸ್ಪತ್ರೆಯಲ್ಲಿ ನರ್ಸು, ಅಳಿಯ ಲಾರಿ ಓಡಿಸುವವನು, ಮನೆಗೆ ಬಂದಾಗ ಬಂದ. ಮಗು ಶಾಲೆಯಲ್ಲಿ ಕೂರದಿದ್ದರೆ ನೋಡಿಕೊಳ್ಳುವವರು ನನ್ನನ್ನು ಬಿಟ್ಟರೆ ಯಾರೂ ಇಲ್ಲ. ಹಾಗಾಗಿ ಆಪರೇಷನ್ ಒಮ್ಮೆ ಆಗಲೇ ಮುಂದಕ್ಕೆ ಹೋಗಿತ್ತು.

"ಅಪ್ಪಾ, ಪೊರೆ ಬಲಿತಷ್ಟೂ ಕಷ್ಟ ಅಂತ ಡಾಕ್ಟ್ರು ಹೇಳಿದಾರೆ. ಈ ಸಲ ನಿನ್ನ ನಾಟಕ ನಡೆಯಲ್ಲ" ಅಂದಿದ್ದಳು ಮಗಳು.

"ನಾಟಕ ನಂದಾ? ಅಳೋದು ನಿನ್ನ ಮಗಳು ಕಣೇ!" ಅಂದೆ.

ಅಂದೇನೋ ಅಂದೆ. ಆದರೆ ಒಳಗೆ ನನಗೆ ಹೆದರಿಕೆ. ಕಣ್ಣಿನೊಳಗೆ ಕೈ ಹಾಕುತ್ತಾರೆ ಅಂದರೆ ಸುಮ್ಮನೆ ಮಾತೇ? ಮಗು ಅತ್ತಾಗಲೆಲ್ಲ ನನಗೆ ಒಳಗೊಳಗೇ ಸಮಾಧಾನ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ, ಹೆದರುಪುಕ್ಕಲ ಅನ್ನಿಸಿಕೊಳ್ಳದೆ ಆಪರೇಷನ್ ಮುಂದಕ್ಕೆ ಹೋಯಿತು.

ಆ ಶಿಶುವಿಹಾರದಲ್ಲಿ ಒಂದು ಪದ್ಧತಿ ಉಂಟು. ಅಳುವ ಮಗುವಿನ ಜೊತೆ ಮನೆಯವರೊಬ್ಬರು ತರಗತಿಯಲ್ಲಿ ಕೂರಬಹುದು. ಆದರೆ ದಿನದಿನಕ್ಕೆ ಅವರ ಕುರ್ಚಿ ಒಂದಿಷ್ಟು ಹಿಂದಕ್ಕೆ ಸರಿಯುತ್ತದೆ, ಮಗುವಿಗೆ ಗೊತ್ತೇ ಆಗದ ಹಾಗೆ. ಶುಕ್ರವಾರಕ್ಕೆ ಕುರ್ಚಿ ಬಾಗಿಲಾಚೆ.

"ನಮ್ಮ ಬಸ್ಸಲ್ಲಿ ಮುಂದೆ ಹೋಗಿ, ಮುಂದೆ ಹೋಗಿ ಅಂತಿದ್ವಿ. ನಿಮ್ಮಲ್ಲಿ ಹಿಂದೆ ಹೋಗಿ ಅಂತೀರೋ" ಅಂದೆ. ಟೀಚರಮ್ಮ ನಕ್ಕಳು. ಕುರ್ಚಿ ಹಿಂದಕ್ಕೆ ಸರಿಸುವುದನ್ನು ಮಾತ್ರ ಬಿಡಲಿಲ್ಲ.

ಆ ವಾರ ಪೂರ್ತಿ ಒಂದೇ ಪುಸ್ತಕ. ದಪ್ಪ ರಟ್ಟಿನದು, ತೆರೆದರೆ ಅಡುಗೆಮನೆಯ ಕಿಟಕಿಯಷ್ಟು ದೊಡ್ಡದು. ಯಾವ ಪ್ರಾಣಿ ಎಲ್ಲಿ ಮಲಗುತ್ತದೆ ಅನ್ನುವುದೇ ಅದರ ವಿಷಯ. ಅಕ್ಷರ ಒಂದೂ ಇಲ್ಲ, ಬರೀ ಚಿತ್ರ. ದಿನಕ್ಕೆ ನಾಲ್ಕೈದು ಪುಟ ತೋರಿಸುವುದು, ಆಮೇಲೆ ಮಕ್ಕಳಿಂದ ಆ ಪ್ರಾಣಿಗಳಿಗೆ ಹಾಸಿಗೆ ಮಾಡಿಸುವುದು. ಕಾಗದದ ಚೂರಿನ ಗೂಡು, ರಟ್ಟಿನ ಪೆಟ್ಟಿಗೆಯ ಗುಹೆ, ತಟ್ಟೆಯಲ್ಲಿ ಮರಳು, ಒಂದು ಮೂಲೆಯಲ್ಲಿ ಒಣಹುಲ್ಲು. ಮಕ್ಕಳು ಮೈಕೈಗೆಲ್ಲ ಅಂಟು ಬಳಿದುಕೊಂಡು ಪ್ರಾಣಿಗಳ ಗೊಂಬೆಗಳನ್ನು ಮಲಗಿಸುತ್ತಿದ್ದವು. ನಮ್ಮ ಮೆಣಸಿನಕಾಯಿ ಮಾತ್ರ ಅಂಗಿ ಬಿಡದೆ ಕೂತೇ ಇದ್ದಳು. ನನ್ನ ಕುರ್ಚಿ ಹಿಂದೆ ಹೋದರೆ ತನ್ನದನ್ನೂ ಎಳೆದುಕೊಂಡು ಹಿಂದೆ ಬರುತ್ತಿದ್ದಳು. ಗೊತ್ತಾಗದ ಹಾಗೆ ಅಂತೆ!

ಬುಧವಾರ ಟೀಚರಮ್ಮನ ಗಂಟಲು ಕಟ್ಟಿತು. "ತಾತ, ನಿಮ್ಮ ದನಿ ದೊಡ್ಡದು. ಇವತ್ತು ಪುಸ್ತಕ ನೀವೇ ತೋರಿಸ್ತೀರಾ?" ಅಂತ ಪಿಸುಗುಟ್ಟಿದಳು.

ಆಗಲ್ಲ ಅನ್ನಲು ಬಾಯಿ ಬರಲಿಲ್ಲ. ಅಂಗಿ ಬಿಡದ ಮೊಮ್ಮಗಳ ಜೊತೆಗೇ ಎದುರು ಹೋಗಿ ಕೂತು ಪುಟ ತೆರೆದೆ. ಅಯ್ಯೋ ದೇವರೇ! ಮಂಜು ಹಿಡಿದ ಗಾಜಿನಾಚೆ ನೋಡಿದ ಹಾಗಿತ್ತು. ಕಪ್ಪಗೆ ದೊಡ್ಡದೇನೋ ಬಿದ್ದುಕೊಂಡಿದೆ ಅನ್ನುವುದಷ್ಟೇ ತಿಳಿಯಿತು.

"ನೋಡ್ರಪ್ಪಾ, ಎಮ್ಮೆ!" ಅಂದೆ ಗಟ್ಟಿಯಾಗಿ. "ಹೊಟ್ಟೆ ತುಂಬಾ ತಿಂದು ಕೊಟ್ಟಿಗೇಲಿ ಮಲಗಿದೆ."

ಎಲ್ಲ ಮಕ್ಕಳೂ ಒಟ್ಟಿಗೆ ಹೋ ಎಂದು ನಕ್ಕವು. ಒಬ್ಬನಂತೂ ನೆಲದ ಮೇಲೆ ಉರುಳಿಯೇಬಿಟ್ಟ. ನನ್ನ ಕಿವಿ ಬಿಸಿಯಾಯಿತು. ಆಗ ಪಕ್ಕದಿಂದ ಸಣ್ಣ ದನಿ ಬಂತು.

"ತಾತ, ಅದು ಕರಡಿ."

ನಮ್ಮ ಮೆಣಸಿನಕಾಯಿ! ಆ ತರಗತಿಯಲ್ಲಿ ಅವಳು ಆಡಿದ ಮೊದಲ ಮಾತು. ಟೀಚರಮ್ಮ ಬಾಯಿಗೆ ಕೈ ಅಡ್ಡ ಹಿಡಿದು, ಮುಂದುವರಿಸಿ ಅಂತ ಸನ್ನೆ ಮಾಡಿದಳು.

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂದನಂತೆ. ನಾನೂ ಮೀಸೆ ಸವರಿಕೊಂಡೆ. "ನಿಮ್ಮನ್ನ ಪರೀಕ್ಷೆ ಮಾಡಿದೆ ಕಣ್ರೋ! ನಾನು ಬೇಕಂತಲೇ ತಪ್ಪು ಹೇಳ್ತೀನಿ, ನೀವು ಸರಿ ಹೇಳಿ, ಗೊಂಬೆ ತಗೊಂಡೋಗಿ ಅದರ ಜಾಗದಲ್ಲಿ ಮಲಗಿಸಬೇಕು" ಅಂದೆ. ಮುಂದಿನ ಪುಟದಲ್ಲಿ ಬೆಳ್ಳಗೇನೋ ಕಂಡಿತು. "ಮೊಲ!" ಅಂದೆ. "ಬಾತುಕೋಳಿ!" ಅಂತ ತರಗತಿಯೇ ಕಿರುಚಿತು. ಇನ್ನೊಂದು ಪುಟದ ಉದ್ದನೆಯದನ್ನು ಬೀದಿದೀಪದ ಕಂಬ ಅಂದುಬಿಟ್ಟೆ. ಅದು ಜಿರಾಫೆಯಂತೆ. ಮಕ್ಕಳು ನಕ್ಕೂ ನಕ್ಕೂ ಸುಸ್ತಾದವು. ಅವತ್ತಿನಿಂದ ನಾನು ಅವರ ಬಾಯಲ್ಲಿ ತಪ್ಪುತಾತ.

ಮೆಣಸಿನಕಾಯಿ ನನ್ನ ಅಂಗಿ ಬಿಟ್ಟು ಗೊಂಬೆ ಎತ್ತಿಕೊಂಡು ಓಡಾಡತೊಡಗಿದಳು. ಆದರೆ ನಗುತ್ತಿರಲಿಲ್ಲ. ಒಂದೊಂದು ಪುಟಕ್ಕೂ ಮೊದಲು ಚಿತ್ರ ನೋಡುತ್ತಿದ್ದಳು, ಆಮೇಲೆ ನನ್ನ ಮುಖ.

ಗುರುವಾರ ಕುರ್ಚಿ ಬಾಗಿಲ ಬಳಿ ಇತ್ತು. "ತಪ್ಪುತಾತ ಬರಲಿ!" ಅಂತ ಮಕ್ಕಳು ಕೂಗಿದ ತಕ್ಷಣ ನಾನೇ ಅದನ್ನು ಎತ್ತಿಕೊಂಡು ಮುಂದಕ್ಕೆ ಬಂದೆ. ಟೀಚರಮ್ಮ ಆಟ ಮುಗಿಯುವವರೆಗೆ ಸುಮ್ಮನಿದ್ದು, ಆಮೇಲೆ ಹತ್ತಿರ ಬಂದಳು. "ತಾತ, ನಿಮಗೆ ಚಿತ್ರ ಸರಿಯಾಗಿ ಕಾಣುತ್ತಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗಾಯಿತು. "ಏನಮ್ಮಾ ಹಾಗಂದ್ರೆ? ಹದ್ದಿನ ಕಣ್ಣು ನಂದು!" ಅಂದೆ, ಬೇಕಾದ್ದಕ್ಕಿಂತ ಜೋರಾಗಿ.

ಮೆಣಸಿನಕಾಯಿ ಅಲ್ಲೇ ನಿಂತಿದ್ದಳು. ಒಂದು ಗೊಂಬೆ ತಂದು ನನ್ನ ಮೂಗಿನ ಹತ್ತಿರ ಹಿಡಿದಳು. "ಇದೇನು ತಾತ? ಆಟ ಅಲ್ಲ. ನಿಜ ಹೇಳು."

ಕಣ್ಣು ಕಿರಿದು ಮಾಡಿ ನೋಡಿದೆ. "ಕುದುರೆ" ಅಂದೆ. ನನ್ನ ಪ್ರಕಾರ ಸರಿಯಾಗೇ ಹೇಳಿದ್ದೆ.

ಅವಳು ಹೋಗಿ ಅದನ್ನು ಮರಳಿನ ತಟ್ಟೆಯಲ್ಲಿ ಮಲಗಿಸಿದಳು. ಒಂಟೆಯಿರಬೇಕು. ಮನೆಗೆ ಹೋಗುವಾಗ ದಿನಾ ನಾನು ಅವಳ ಕೈ ಹಿಡಿಯುತ್ತಿದ್ದೆ, ಅವತ್ತು ಅವಳೇ ನನ್ನ ಬೆರಳು ಹಿಡಿದಳು. "ಇಲ್ಲಿ ಗುಂಡಿ ಇದೆ. ಸೈಕಲ್ ಬರ್ತಿದೆ, ನಿಂತ್ಕೋ" ಅನ್ನುತ್ತಾ ನಡೆಸಿಕೊಂಡು ಹೋದಳು. ಯಜಮಾನಿಕೆ ಮಾಡುವುದು ಅವಳ ಹುಟ್ಟುಗುಣ ಅಂತ ನಾನೂ ಸುಮ್ಮನಾದೆ.

ಸಂಜೆ ಮಗಳು ಸೋಮವಾರದ ಆಸ್ಪತ್ರೆಗೆಂದು ಬ್ಯಾಗಿಗೆ ನನ್ನ ಬಟ್ಟೆ ತುಂಬುತ್ತಿದ್ದಳು. "ಇನ್ನೊಂದು ವಾರ ಬಿಟ್ಟು ನೋಡೋಣ ಕಣಮ್ಮಾ" ಅಂದೆ. "ಮಗು ಈಗಷ್ಟೇ ಬಾಯಿ ಬಿಟ್ಟಿದೆ. ನಾನಿಲ್ಲ ಅಂದ್ರೆ ಮತ್ತೆ ಅಳುತ್ತೆ."

ಮಗಳು ಅಂಗಿ ಮಡಿಸುವುದನ್ನು ನಿಲ್ಲಿಸಿದಳು. "ಅಪ್ಪಾ, ನಿನಗೆ ಪೂರ್ತಿ ಕಾಣದ ಹಾಗಾದ್ರೆ ನಾನೇನು ಮಾಡ್ಲಿ, ಹೇಳು" ಅಂದವಳೇ ಅತ್ತುಬಿಟ್ಟಳು. ದಿನವಿಡೀ ಊರವರ ನೋವು ನೋಡಿಯೂ ಅಳದವಳು. ತಲೆ ತಗ್ಗಿಸಿ ಕೂತೆ. ಮೂಲೆಯಲ್ಲಿ ಮೆಣಸಿನಕಾಯಿ ಸ್ಲೇಟು ಹಿಡಿದುಕೊಂಡು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಶುಕ್ರವಾರ ಕುರ್ಚಿ ಬಾಗಿಲಾಚೆ, ಮೊಗಸಾಲೆಯಲ್ಲಿತ್ತು. ನನಗೆ ಅದು ಕಾಣಲಿಲ್ಲ ಅನ್ನುವವನ ಹಾಗೆ ನೆಟ್ಟಗೆ ಒಳಗೆ ಹೋದೆ. "ಇವತ್ತು ಕೊನೇ ಪುಟ, ನಾನೇ ತೋರಿಸಬೇಕು. ಮಕ್ಕಳು ಕಾಯ್ತಿವೆ" ಅಂದೆ. ಟೀಚರಮ್ಮ "ತಾತ, ನಮ್ಮ ಪದ್ಧತಿ..." ಅಂತ ಶುರು ಮಾಡಿದಳು. ಮಕ್ಕಳು "ತಪ್ಪುತಾತ! ತಪ್ಪುತಾತ!" ಅಂತ ಚಪ್ಪಾಳೆ ತಟ್ಟಿದವು. ಗೆದ್ದೆ ಅಂದುಕೊಂಡೆ.

ಮೆಣಸಿನಕಾಯಿ ಎದ್ದು ಬಂದು ನನ್ನ ಬೆರಳು ಹಿಡಿದಳು. ಎಳೆದುಕೊಂಡು ಬಾಗಿಲ ತನಕ ಬಂದಳು, ಹೊರಗೆ ನಿಲ್ಲಿಸಿದಳು, ತಾನು ಒಳಗೇ ನಿಂತಳು.

"ತಾತ, ಬಗ್ಗು."

ಬಗ್ಗಿದೆ. ಅವಳ ಮುಖ ಅಷ್ಟು ಹತ್ತಿರ ಬಂದಾಗ ಮಾತ್ರ ನನಗೆ ಸರಿಯಾಗಿ ಕಾಣುತ್ತದೆ. ಕೆಳತುಟಿ ಅದುರುತ್ತಿತ್ತು.

"ನೀನು ಕಣ್ಣು ಸರಿ ಮಾಡಿಸ್ಕೊಂಡು ಬಾ."

"ನೀನು ಅಳ್ತೀಯಲ್ಲೇ."

"ಅಳಲ್ಲ."

"ಈಗಲೇ ಕಣ್ಣಲ್ಲಿ ನೀರಿದೆ."

"ನಿಂಗೆ ಕಾಣಲ್ಲ, ಸುಮ್ನೆ ಹೇಳ್ಬೇಡ" ಅಂದು, ಎರಡೂ ಕೈಯಲ್ಲಿ ಬಾಗಿಲು ತಳ್ಳಿ ಮುಚ್ಚಿದಳು.

ನಾನು ಬಾಗಿಲಿಗೆ ಕಿವಿ ಕೊಟ್ಟು ನಿಂತೆ. ಈಗ ಅಳುತ್ತಾಳೆ, ಈಗ ಅಳುತ್ತಾಳೆ ಅಂತ ಕಾದೆ. ಒಂದು ಬಿಕ್ಕು ಕೇಳಿಸಿತು. ಇನ್ನೊಂದು. ಕೈ ಚಿಲಕದ ಮೇಲೆ ಹೋಯಿತು. ಅಷ್ಟರಲ್ಲಿ ಒಳಗಿನಿಂದ ಅವಳ ದನಿ, ಮನೆಯ ದನಿ, ಹಾಲಿನವನಿಗೆ ಬುದ್ಧಿ ಹೇಳುವ ದನಿ ಬಂತು.

"ನಮ್ಮ ತಾತ ಬೇಕಂತ ತಪ್ಪು ಹೇಳ್ತಿರ್ಲಿಲ್ಲ. ತಾತಂಗೆ ಕಾಣಲ್ಲ. ಇನ್ಮೇಲೆ ಯಾರೂ ನಗಬಾರ್ದು. ಕೊನೇ ಪುಟ ನಾನು ಹೇಳ್ತೀನಿ."

ಕುರ್ಚಿಯ ಮೇಲೆ ಕುಸಿದೆ. ಅಂಗವಸ್ತ್ರ ಮುಖಕ್ಕೆ ಒತ್ತಿಕೊಂಡೆ. ಬಕೆಟ್ ಹಿಡಿದುಕೊಂಡು ಹೋಗುತ್ತಿದ್ದ ಆಯಮ್ಮ ನಿಂತು, ಒಂದು ಲೋಟ ನೀರು ತಂದುಕೊಟ್ಟಳು. "ಮೊದಮೊದಲು ಎಲ್ಲರೂ ಅಳ್ತಾರೆ ಯಜಮಾನ್ರೇ. ಆಮೇಲೆ ರೂಢಿ ಆಗುತ್ತೆ" ಅಂದಳು.

ನೀರು ಕುಡಿದು ಮಗಳಿಗೆ ಫೋನ್ ಮಾಡಿದೆ. "ಸೋಮವಾರ ಆಸ್ಪತ್ರೆಗೆ ಹೋಗೋಣ ಕಣಮ್ಮಾ. ನಂಗೆ ಹೆದರಿಕೆ ಆಗುತ್ತೆ, ಕೈ ಹಿಡ್ಕೊಂಡಿರು" ಅಂದೆ.

"ಹಿಡ್ಕೋತೀನಿ ಅಪ್ಪಾ" ಅಂದಳು. ಆಮೇಲೆ ಕೇಳಿದಳು, "ಮಗು? ಒಬ್ಬಳೇ ಕೂತ್ಕೊಂಡ್ಳಾ?"

"ಕೂತಳು" ಅಂದೆ. "ನನ್ನನ್ನ ಆಚೆ ಕಳಿಸಿ ಕೂತಳು."