ಅಜ್ಜಿ ಫೈಲಿನ ಕೆಳಗೆ ಒಂದು ಸಾಲು

ಪರದೆ ಹಸಿರಾಗಿಯೇ ಇದೆಯಲ್ಲ, ಒಂದಾದರೂ ಎಚ್ಚರಿಕೆ ಬರಬೇಕಿತ್ತು, ಬಂದಿಲ್ಲ, ಬರೆದ ಕೋಡನ್ನೆಲ್ಲ ಜೋಡಿಸುವ ಬಿಲ್ಡ್ ಮುಗಿಯಿತು, ಎಲ್ಲ ಸರಿಯಿದೆ ಎನ್ನುತ್ತಿದೆ — ಎಲ್ಲ ಸರಿಯಾಗಿದೆ ಅಮ್ಮ, ಎಂದಳು ಮಗಳು ಬೆಳಿಗ್ಗೆ, ಗಂಡನ ಮನೆಯಿಂದ ಒಂದು ಗಳಿಗೆ ಬಂದವಳು, ಈ ಸೆಕೆಯಲ್ಲೂ ಉದ್ದ ತೋಳಿನ ಅಂಗಿ, ಮಣಿಕಟ್ಟಿನಲ್ಲಿ ಬಿಳಿ ಗುಂಡಿ — ಏಕೆ ಬರಲಿಲ್ಲ, ನನ್ನ ಫೋಲ್ಡರಿನ ಫೈಲಿನಲ್ಲಿ ನಾನೇ ಬರೆದಿದ್ದೇನೆ, ಎಚ್ಚರಿಕೆ ತೋರಿಸು ಎಂದು, ಆದರೂ ಮೇಲಿನದೇ ನಡೆಯುತ್ತಿದೆ. ಎಲ್ಲಕ್ಕಿಂತ ಮೇಲಿನ ಫೋಲ್ಡರಿನಲ್ಲಿರುವ ಫೈಲಿಗೆ ಆಫೀಸಿನಲ್ಲಿ ಅಜ್ಜಿ ಎಂದೇ ಹೆಸರು, ಅಲ್ಲಿ ಬರೆದದ್ದು ಅವಳನ್ನು ಕರೆತರುವ ಒಂದು ಸಾಲಿದ್ದರೆ ಸಾಕು, ಕೆಳಗಿನ ಫೋಲ್ಡರುಗಳಿಗೆಲ್ಲ ಇಳಿಯುತ್ತದೆ, ಯಾರೋ ಯಾವ ಕಾಲದಲ್ಲೋ ಎಚ್ಚರಿಕೆಗಳನ್ನು ಮುಚ್ಚಿಡು ಎಂದು ಬರೆದು ಕೆಲಸ ಬಿಟ್ಟು ಹೋದರು, ಯಾಕೆ ಎಂದರೆ ಟೀಮ್ ಲೀಡ್ ನಗುತ್ತಾನೆ, ಅಜ್ಜಿಗೆ ಎದುರಾಡ್ಬೇಡಿ ಮೇಡಂ, ಸಂಸಾರ ನಡೀತಾ ಇದೆಯಲ್ಲ. ನನ್ನ ಅಮ್ಮನ ಸಂಸಾರವೂ ನಡೆಯಿತು, ಬೇಸಿಗೆಯಲ್ಲಿ ಅವಳದೂ ಉದ್ದ ತೋಳೇ, ನಾನಾಗ ಅವಳ ಸೊಂಟದೆತ್ತರ, ಅದೇನಮ್ಮ ಕೈ ಮೇಲೆ ಕಪ್ಪಗೆ, ಬಾಗಿಲು ತಗುಲ್ತು ಕಣೇ, ಹೋಗು ಆಡ್ಕೋ, ಹೊರಗೆ ಅಪ್ಪ ಕೆಮ್ಮುತ್ತಿದ್ದ, ನಮ್ಮ ಮನೆಯ ಬಾಗಿಲುಗಳೋ ಬಿರುಗಾಳಿಗೂ ಅಲುಗದವು — ಓ, ಇಲ್ಲಿದೆ ತಪ್ಪು, ಇಷ್ಟು ವರ್ಷದ ಅನುಭವ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು, ನನ್ನ ಸಾಲನ್ನು ಮೇಲೆ ಬರೆದು ಅಜ್ಜಿಯನ್ನು ಕರೆತರುವ ಸಾಲನ್ನು ಕೆಳಗೆ ಬಿಟ್ಟಿದ್ದೇನೆ, ಫೈಲು ಮೇಲಿಂದ ಕೆಳಕ್ಕೆ ಓದಿಸಿಕೊಳ್ಳುತ್ತದೆ, ಕೊನೆಗೆ ಬಂದ ಮಾತೇ ಗೆಲ್ಲುವುದು, ನಾನು ಹೇಳಿದೆ, ಆಮೇಲೆ ಅಜ್ಜಿ ಬಂದು ಅಳಿಸಿದಳು.

ಬೆಳಿಗ್ಗೆಯೂ ಕೇಳಿದ್ದೆನಲ್ಲ, ಕೇಳಿದ್ದು ನಾನೇ, ಮಗಳು ಲೋಟ ಇಡುವಾಗ ಗುಂಡಿ ಬಿಚ್ಚಿ ತೋಳು ಜಾರಿತು, ಚರ್ಮದ ಮೇಲೆ ಯಾರದೋ ಬೆರಳುಗಳು, ಇದೇನೇ ಕೈಗೆ ಎಂದೆ, ಅವಳು ತಲೆಯೆತ್ತಿದಳು, ತುಟಿ ತೆರೆದಳು, ಹೇಳುವವಳಿದ್ದಳು, ಅಷ್ಟರಲ್ಲಿ ನನ್ನ ಬಾಯಿಂದಲೇ ಬಂತು, ಬಾಗಿಲು ತಗುಲಿರ್ಬೇಕು ಅಲ್ವಾ, ಹೂಂ ಅಮ್ಮ, ಬಾಗಿಲೇ, ಎಂದು ಗುಂಡಿ ಹಾಕಿಕೊಂಡಳು — ನನ್ನ ಸಾಲನ್ನು ಅಜ್ಜಿಗಿಂತ ಕೆಳಗಿಳಿಸಿದೆ, ಬಿಲ್ಡ್ ಒತ್ತಿದೆ, ಹಳದಿ, ಹಳದಿಯ ಮೇಲೆ ಹಳದಿ, ಮುಚ್ಚಿಟ್ಟ ಎಚ್ಚರಿಕೆಗಳೆಲ್ಲ ಕಟ್ಟೆಯೊಡೆದ ಹಾಗೆ, ಟೀಮ್ ಲೀಡ್ ಓಡಿ ಬಂದ, ಅಯ್ಯೋ ಮೇಡಂ ಇದೇನ್ ಮಾಡಿದ್ರಿ, ನಾಳೆ ಕೊಡ್ಬೇಕಾದ ಕೆಲಸ, ಮೊದ್ಲಿನ ಹಾಗೇ ಮಾಡ್ಬಿಡಿ, ಇಲ್ಲ, ಇರಲಿ, ಒಂದು ಸಲವಾದರೂ ಓದೋಣ, ಫೋನು ಎತ್ತಿಕೊಂಡೆ, ಅಮ್ಮನ ಬಾಗಿಲಿನ ಮಾತು ಮೊದಲು ಬಂದು ಹೋಗಲಿ, ಆಮೇಲೆ ನನ್ನದು, ಬಾಗಿಲಲ್ಲ ಕಣೇ, ನನಗೆ ಗೊತ್ತು, ಈಗಲೇ ಹೊರಟು ಬಾ, ಇಷ್ಟೇ, ಬಾಯಿಪಾಠ ಮಾಡಿಕೊಂಡೆ, ರಿಂಗಾಗುತ್ತಿದೆ, ಎತ್ತು ಪುಟ್ಟಿ, ಎತ್ತಿದಳು — ಹಲೋ ಅತ್ತೆ, ಅಳಿಯನ ದನಿ, ಅವಳ ಫೋನು ನನ್ನ ಹತ್ರಾನೇ ಇದೆ, ಏನ್ ವಿಷ್ಯ ಹೇಳಿ, ನಯವಾದ ದನಿ, ಹಳದಿ ಸಾಲುಗಳು ಉರುಳುತ್ತಲೇ ಇವೆ, ಏನಿಲ್ಲಪ್ಪ, ಸುಮ್ನೆ ಮಾಡಿದೆ — ಯಾರು ಹೇಳಿದ್ದು ಅದು, ನನ್ನ ಬಾಯಲ್ಲಿ ಯಾರು, ಫೋನು ಕೆಳಗಿದೆ, ಪರದೆ ಹಳದಿ, ಕಣ್ಣೆದುರು ಬೆಳಿಗ್ಗೆಯ ಮಗಳ ಹೆಬ್ಬೆರಳು, ಆ ಸಣ್ಣ ಬಿಳಿ ಗುಂಡಿ, ತೂತಿನೊಳಕ್ಕೆ ಮೆಲ್ಲಗೆ ನೂಕುತ್ತಿದ್ದಾಳೆ, ಗುಂಡಿ, ಬಿಳಿ ಗುಂಡಿ