ಒತ್ತಾಯ

ಗಂಗುಬಾಯಿ ತವರಿನ ಹೊಸ್ತಿಲು ದಾಟುವ ಮೊದಲೇ ಬಾಯಿ ಬಡಿದುಕೊಂಡು ಅಳತೊಡಗಿದ್ದರಿಂದ ಅವಳ ಹಿಂದೆಯೇ ಬಂದ ಹುಡುಗಿಯನ್ನು ಯಾರೂ ವಿಚಾರಿಸಲಿಲ್ಲ. ಇಬ್ಬರೂ ಆಳಂದದ ಬಸ್ಸಿನಿಂದ ನಿಂಬರ್ಗಾದಲ್ಲಿ ಇಳಿದವರು. ಒಳಗೆ ಗಂಗುಬಾಯಿಯ ತಾಯಿ, ತೀರಿಕೊಂಡ ಸುಭದ್ರಾಬಾಯಿಯ ಹಣೆಗೆ ವಿಭೂತಿ ಬಳಿದು ಗೋಡೆಗೆ ಆನಿಸಿ ಕೂಡಿಸಿದ್ದರು. ನೆರೆಮನೆಯ ಮುದುಕಿಯೊಬ್ಬಳು ಹುಡುಗಿಯನ್ನು ಬೀಗರ ಕಡೆಯವಳೆಂದೇ ತಿಳಿದು ಕೊರಳಿಗೆ ಬಿದ್ದು ಅತ್ತಳು. ಹುಡುಗಿ ಕಕ್ಕಾಬಿಕ್ಕಿಯಾಗಿ ತಾನೂ ಅತ್ತುಬಿಟ್ಟಳು.

ಸೊಸೆ ಗುರುಶಾಂತಮ್ಮನಿಗೆ ಮಾತ್ರ ಗುರುತು ಸಿಕ್ಕಿತು. ಕಲಬುರ್ಗಿಯ ದವಾಖಾನೆಯಲ್ಲಿ ಕಲಿಯುವ ವಜೀರುನ್ನಿಸಾ. ಊರಲ್ಲಿ ಫೋನಿರದ ಕಾಲ, ಪಾಪ, ಸಾವಿನ ಸುದ್ದಿ ತಿಳಿಯದೆ ಬಂದಿದ್ದಾಳೆ. ಅತ್ತೆ ತನ್ನ ಮೇಲೆ ಹೇಳಿದ ದೂರು ಇವಳಿಗೆ ಗೊತ್ತು. ನಾದಿನಿ ಗಂಗುಬಾಯಿಯ ಮುಂದೆ ಬಾಯಿಬಿಟ್ಟರೆ ಏನು ಗತಿ?

* * *

ವಜೀರುನ್ನಿಸಾ ಮೊದಲ ಸಲ ಶ್ರಾವಣದಲ್ಲಿ ಬಂದಿದ್ದಳು. ನುಂಗಲಾಗದವರ ಕಷ್ಟ ಅಳೆಯುವ ಇಂಗ್ಲಿಷ್ ಪ್ರಶ್ನೆಗಳನ್ನು ಕನ್ನಡಕ್ಕೆ ತಂದು, ಅವು ಜನಕ್ಕೆ ತಿಳಿಯುತ್ತವೋ ಇಲ್ಲವೋ ಎಂದು ಕೇಳಿ ನೋಡುವುದು ಅವಳ ಕೆಲಸ. ಲಕ್ವಾ ಹೊಡೆದ ಮೇಲೆ ಸುಭದ್ರಾಬಾಯಿಗೆ ನೀರು ಕುಡಿದರೂ ನೆತ್ತಿಗೆ ಹತ್ತುತ್ತಿತ್ತು.

“ನುಂಗುವಾಗ ನಿಮಗೆ ಒತ್ತಡ ಆಗುತ್ತದೆಯೇ?”

“ಒತ್ತಾಯ ಏನವ್ವಾ? ಆಗ್ತದ, ಆಗ್ತದ! ನಮ್ಮ ಸೊಸಿ ಭಾಳ ಒತ್ತಾಯ ಮಾಡ್ತಾಳ.”

ಅಡುಗೆಮನೆಯಲ್ಲಿ ಗಂಜಿ ತಿರುವುತ್ತಿದ್ದ ಗುರುಶಾಂತಮ್ಮನ ಕೈ ನಿಂತಿತು. ಹೊರಗಿನವರ ಮುಂದೆ ದೂರುವಷ್ಟು ಬೇಸರವೇ? ಅಂದಿನಿಂದ ಅವಳು ಒತ್ತಾಯ ಬಿಟ್ಟು, ಬಟ್ಟಲು ಇಟ್ಟು ಸುಮ್ಮನೆ ಕೂರತೊಡಗಿದಳು. ಮುದುಕಿ ಒಂದೆರಡು ಚಮಚ ಕುಡಿದು ಇವಳ ಮುಖ ನೋಡುವಳು. ಇವಳು “ಸಾಕೇನ್ರಿ ಅತ್ತಿ” ಎಂದು ಬಟ್ಟಲು ಎತ್ತುವಳು.

* * *

ಮಣ್ಣು ಕೊಟ್ಟು ಬಂದವರಿಗೆ ನೆರೆಯವರು ರೊಟ್ಟಿ, ಬ್ಯಾಳಿ ತಂದಿದ್ದರು. ಸಂಜೆಯ ಬಸ್ಸಿಗೆ ಕಾದಿದ್ದ ವಜೀರುನ್ನಿಸಾಳೂ ಗಂಗುಬಾಯಿಯ ಪಕ್ಕ ಊಟಕ್ಕೆ ಕೂತಳು. ನೀಡುತ್ತಿದ್ದ ಗುರುಶಾಂತಮ್ಮ ತಡೆಯಲಾರದೆ ಕೇಳಿಯೇಬಿಟ್ಟಳು.

“ನಾ ಒತ್ತಾಯ ಮಾಡ್ತೇನಿ ಅಂತ ಅತ್ತಿ ದೂರಿದ್ದು ಬರ್ಕೊಂಡೀರೇನು?”

“ದೂರಲ್ರಿ ಅದು, ನನ್ನ ತಪ್ಪು. ಒತ್ತಡ ಅಂದ್ರ ತ್ರಾಸು ಅಂತ ನಾ ಕೇಳಿದ್ದೆ. ಭಾಳ ಮಂದಿ ಒತ್ತಾಯ ಅಂತ ತಿಳೀತಾರ. ಆ ಶಬ್ದ ಬದಲಿ ಮಾಡಿ ತಿರುಗಿ ಕೇಳಾಕ ಬಂದಿದ್ದೆ.”

ಗಂಗುಬಾಯಿ ಮೂಗು ಒರೆಸಿಕೊಂಡು ತಲೆ ಎತ್ತಿದಳು. “ದೂರಂತ ತಿಳ್ಕೊಂಡ್ರೇನು ವೈನಿ? ಅವ್ವ ಅದನ್ನ ನನ್ನ ಮುಂದ ಹೆಮ್ಮೀಲೆ ಹೇಳ್ತಿದ್ಲು. ‘ನೀ ನೀಡಿ ಎದ್ದು ಹೋಗ್ತಿ. ನನ್ನ ಸೊಸಿ ನೋಡು, ಕೈ ಅಡ್ಡ ಹಿಡದ್ರೂ ಬಿಡಂಗಿಲ್ಲ’ ಅಂತ. ಹ್ವಾದ ತಿಂಗಳ ಬಂದಾಗ ಮಾತ್ರ, ‘ಗುರುಶಾಂತಿಗೆ ನನ್ನ ಮ್ಯಾಲ ಯಾಕೋ ಸಿಟ್ಟು ಬಂದದ’ ಅಂದ್ಲು.”

ಗುರುಶಾಂತಮ್ಮನಿಗೆ ದಿಕ್ಕೇ ತೋಚದಾಯಿತು. ಅತ್ತೆಯನ್ನು ರೋಗ ಒಯ್ದಿತೋ, ತನ್ನ ಮೌನ ಒಯ್ದಿತೋ? ಯಾರನ್ನು ಕೇಳಬೇಕು? ಸೌಟು ತುಂಬಿಕೊಂಡು ಹುಡುಗಿಯ ಮುಂದೆ ಬಾಗಿದಳು.

“ಇನ್ನೊಂಚೂರು ಬ್ಯಾಳಿ.”

“ಸಾಕ್ರಿ, ಹೊಟ್ಟಿ ತುಂಬ್ಯದ.” ವಜೀರುನ್ನಿಸಾ ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದಳು.

“ಇಷ್ಟ ಒಂದು, ನನ್ನ ಸಲುವಾಗಿ.”

ಆರಿದ ಬ್ಯಾಳಿ ಹುಡುಗಿಯ ಬೆರಳ ಸಂದಿಯಿಂದ ತಾಟಿಗೆ ಇಳಿಯುತ್ತಿತ್ತು. ಗುರುಶಾಂತಮ್ಮ ಸೌಟು ಸರಿಸಲಿಲ್ಲ, ಹುಡುಗಿ ಕೈ ತೆಗೆಯಲಿಲ್ಲ.